ಹೆಲ್ಮೆಟ್ಟಿಗೆ ಐದು ವರ್ಷ?

ಹಿರಿಯಾಕೆ ಜಮಖಂಡಿ ಕೋರ್ಟಿನಲ್ಲಿ ವಾಹನ ಅಪಘಾತದ ಪರಿಹಾರ ಖಟ್ಲೆ ನಡೆಸುವ ವಕೀಲೆ. ಕಿರಿಯಾಕೆ ಬನಹಟ್ಟಿಯವಳು, ಗಂಡ ತೀರಿಕೊಂಡ ಮೇಲೆ ಮನೆಯ ಪಾವರ್‌ಲೂಮುಗಳನ್ನೂ ಸೀರೆ ಸಾಗಿಸುವ ಒಂದು ಸಣ್ಣ ಗಾಡಿಯನ್ನೂ ತಾನೇ ನೋಡಿಕೊಳ್ಳುತ್ತಾಳೆ. ಮುಧೋಳದ ಬೆಲ್ಲದ ವ್ಯಾಪಾರಿಯೊಬ್ಬನ ಜೊತೆ ಎರಡನೇ ಮದುವೆಯ ಮಾತು ಮುಂದುವರಿದಿದೆ. ಅವನೂ ಹೆಂಡತಿಯನ್ನು ಕಳೆದುಕೊಂಡವನು. ಈ ಹೆಂಗಸರಿಬ್ಬರು ಬಂಧುಗಳಲ್ಲ, ಹಳೆಯ ಓಣಿಯ ಪರಿಚಯ.

ತಂಗಿ: ಅಕ್ಕಾರ, ಹೆಲ್ಮೆಟ್ ಹಾಕ್ಕೊಳ್ಳಲಿಲ್ಲಂತ ಐದು ವರ್ಷ ಲೈಸನ್ಸ ಬಂದ್ ಮಾಡ್ತಾರೇನ್ರಿ?

ಅಕ್ಕ: ಯಾರಿಗೆ ಮಾಡ್ಯಾರ?

ತಂಗಿ: ಇಲ್ರಿ, ಸುಮ್ನ ಕೇಳಿದೆ.

ಅಕ್ಕ: ಸುಮ್ನ ಕೇಳಾಕ ಬನಹಟ್ಟಿಯಿಂದ ಬಸ್ ಹತ್ತಿ ಬಂದೀ? ಮುಧೋಳದಂವಾ?

ತಂಗಿ: ಹೂಂ ರಿ. ಅವ್ರು ಕಾರ್ ಹೊಡ್ಯಾಂಗಿಲ್ಲ. ಎಲ್ಲಿ ಹೋದ್ರೂ ಬಸ್ಸು, ಇಲ್ಲಂದ್ರ ಗೆಳ್ಯಾರ ಗಾಡಿ. ಮದಿವಿ ಆದ ಮ್ಯಾಲ ಸೀರಿ ಗಂಟ ತಗೊಂಡು ಸೊಲ್ಲಾಪುರಕ್ಕ ನೀವ ಗಾಡಿ ಹೊಡ್ಕೊಂಡ ಹೋಗ್ರಿ, ಡ್ರೈವರ್ ಪಗಾರ ಉಳೀತೈತಿ ಅಂದೆ. ಆಗ ಹೇಳಿದ್ರು, ಲೈಸನ್ಸ ಐದು ವರ್ಷ ಬಂದ್ ಐತಿ, ಇನ್ನ ಎರಡು ವರ್ಷ ಉಳದೈತಿ ಅಂತ. ಹೆಲ್ಮೆಟ್ ಇಲ್ದ ಹಿಡದಿದ್ರಂತ, ಫೌಜದಾರ ಜೋಡಿ ಮಾತಿಗೆ ಮಾತ ಬೆಳೀತಂತ, ಆ ಸಿಟ್ಟಿಗೆ ಅಂವ ಲೈಸನ್ಸ ಕಸಗೊಂಡು ಐದು ವರ್ಷ ಬರದ ಬಿಟ್ನಂತ.

ಅಕ್ಕ: ಫೌಜದಾರ ಬರದ್ನಂತ?

ತಂಗಿ: ನಗಬ್ಯಾಡ್ರಿ.

ಅಕ್ಕ: ನಗಲಾರ್ದ ಏನ್ ಮಾಡ್ಲಿ? ತನಗ ಬೇಕಾದಷ್ಟ ಬರ್ಕೊಳ್ಳಾಕ ಅದೇನ್ ಅವನ ಉದ್ರಿ ವಹೀನ? ಕೇಳ್ ಇಲ್ಲೆ. ಹೆಲ್ಮೆಟ್ಟಿಂದು ಮೋಟಾರು ವಾಹನ ಕಾಯ್ದೆದಾಗ ಕಲಂ 194ಡಿ, 2019ರ ತಿದ್ದುಪಡಿದಾಗ ಬಂದದ್ದು. ದಂಡ ಐತಿ, ಜೋಡಿಗೆ ಮೂರು ತಿಂಗಳ ಲೈಸನ್ಸ ಇಲ್ಲ. ಮೂರು ತಿಂಗಳ. ಬೈಕ್ ಮ್ಯಾಲ ಮೂರು ಮಂದಿ ಕುಂತ್ರೂ ಅಷ್ಟ.

ತಂಗಿ: ಎದುರ ಮಾತಾಡಿದ್ದಕ್ಕ ಜಾಸ್ತಿ ಮಾಡಿರಬೌದಲ್ರಿ?

ಅಕ್ಕ: ಎದುರ ಮಾತಾಡಿದ್ರ ಬ್ಯಾರೆ ಕೇಸ್ ಹಾಕ್ಯಾರು, ಲೈಸನ್ಸಿನ ವರ್ಷ ಬೆಳ್ಯಾಂಗಿಲ್ಲ. ಫೌಜದಾರಗ ಲೈಸನ್ಸ ಕಸಗೊಳ್ಳೂ ಅಧಿಕಾರ ಐತಿ, ಕಲಂ 206. ಕಸಗೊಂಡ್ರ ರಶೀದಿ ಕೊಡ್ಬೇಕು, ಲೈಸನ್ಸ ಆರ್‌ಟಿಓ ಕಚೇರಿಗೆ ಕಳಸಬೇಕು. ಅಲ್ಲಿ ಇವನ್ನ ಕರದು ಕೇಳಬೇಕು, ಕಾರಣ ಬರದು ಆದೇಶ ಮಾಡಬೇಕು. ಮೊದಲನೇ ಸಲಕ್ಕ ಮೂರು ತಿಂಗಳ, ಮತ್ತೊಮ್ಮೆ ಸಿಕ್ರ ಲೈಸನ್ಸೇ ರದ್ದು. ಆದೇಶ ಅನ್ಯಾಯದ್ದು ಅನ್ನಿಸಿದ್ರ 30 ದಿನದಾಗ ಮೇಲ್ಮನವಿ ಹಾಕಬೌದು. ಮಾತಿಗೆ ಮಾತ ಬೆಳಸೂವಂಥ ಧೈರ್ಯದ ಮನಶ್ಯಾ ಮೇಲ್ಮನವಿ ಹಾಕಲಾರ್ದ ಮೂರು ವರ್ಷ ಬಸ್ಸಿನಾಗ ಅಡ್ಡಾಡಿದ್ನಾ?

ತಂಗಿ: ಅಂದ್ರ ಐದು ವರ್ಷ ಅನ್ನೂದು ಕಾಯ್ದೆದಾಗ ಇಲ್ಲೇ ಇಲ್ಲೇನ್ರಿ?

(ಇಲ್ಲಿ ಹಿರಿಯಾಕೆ ಫೋನಿನಲ್ಲಿ ಕಾಯ್ದೆ ತೆಗೆದಳು. ಬಾಯಿಪಾಠವಿದ್ದರೂ ತೆಗೆದಳು, ವಕೀಲರ ಚಾಳಿ.)

ಅಕ್ಕ: ಐತಿ. ಅದಕ್ಕ ನನಗ ನಗಿ ಬಂದ್ರೂ ಪೂರಾ ನಗಾಕ ಆಗವಲ್ದು. ವರ್ಷಗಟ್ಟಲೆ ಬಂದ್ ಮಾಡೂದು ಹೆಚ್ಚಾಗಿ ಕೋರ್ಟಿನ ಕೆಲಸ, ಕಲಂ 20. ಕುಡದು ಗಾಡಿ ಹೊಡದ್ರ, ಅಂದ್ರ 100 ಮಿಲಿ ರಕ್ತದಾಗ 30 ಮಿಲಿಗ್ರಾಂಕ್ಕಿಂತ ಜಾಸ್ತಿ ಸಿಕ್ಕು ಶಿಕ್ಷೆ ಆದ್ರ, ಕಡಿಮಿ ಅಂದ್ರ ಆರು ತಿಂಗಳ ಲೈಸನ್ಸ ಇಲ್ಲ. ಮತ್ತೊಂದು ಐತಿ. ಅಪಾಯಕಾರಿಯಾಗಿ ಗಾಡಿ ಹೊಡದದ್ದಕ್ಕ, ಕಲಂ 184ರಾಗ, ಒಮ್ಮೆ ಶಿಕ್ಷೆ ಆದಂವಗ ಮತ್ತೊಮ್ಮೆ ಅದರಾಗ ಶಿಕ್ಷೆ ಆತು ಅಂದ್ರ ಐದು ವರ್ಷದ ತನಕ ಬಂದ್ ಮಾಡಬೌದು. ಈ ಐದು ಇಲ್ಲಿ ಐತಿ ನೋಡು.

ತಂಗಿ: ಎರಡ ಸಲ?

ಅಕ್ಕ: ಎರಡ ಸಲ ಶಿಕ್ಷೆ. ಆರ್‌ಟಿಓಗೂ ಕಲಂ 19ರಾಗ ಅಧಿಕಾರ ಐತಿ. ದಿನಾ ಕುಡ್ಯಾಂವ, ಗಾಂಜಾ ಚಟದಂವ, ಗಾಡಿ ಇಟ್ಕೊಂಡು ದೊಡ್ಡ ಅಪರಾಧ ಮಾಡಿದಂವ, ಸುಳ್ಳ ಕಾಗದ ಕೊಟ್ಟು ಲೈಸನ್ಸ ಮಾಡಿಸಿದಂವ, ಇಂಥವ್ರಿಗೆ ಇಷ್ಟ ದಿನ ಅಂತ ಬರದು ಬಂದ್ ಮಾಡಬೌದು. ಇದರಾಗ ಯಾವುದಕ್ಕೂ ಹೆಲ್ಮೆಟ್ ಅಂತ ಹೆಸರಿಲ್ಲ.

ತಂಗಿ: ಬ್ಯಾರೆ ದೇಶದಾಗ ಹೆಂಗಿರ್ತೈತಿ? ಅಲ್ಲಿ ಹೆಲ್ಮೆಟ್ಟಿಗೆ ಜಾಸ್ತಿ ಇರಬೌದು.

ಅಕ್ಕ: ಅಂವ ಮುಧೋಳದಾಗ ಅದಾನೋ ಲಂಡನ್ನಿನಾಗೋ? ಇಂಗ್ಲೆಂಡಿನಾಗ ಕುಡದು ಹೊಡದ್ರ ಕಡಿಮಿ ಅಂದ್ರ ಒಂದು ವರ್ಷ. ಹತ್ತು ವರ್ಷದೊಳಗ ಎರಡನೇ ಸಲ ಆದ್ರ ಮೂರು ವರ್ಷ. ನನ್ನ ಕಕ್ಷಿದಾರರೊಬ್ಬರ ಅಳಿಯ ಅಲ್ಲದಾನ, ಅಂವ ಹೇಳ್ತಿದ್ದ. ಲೈಸನ್ಸ ಇದ್ದಂವ ತಾನ ಒಂದು ಕೋಡ್ ತಗದು ಯಾರಿಗೆ ಬೇಕಾದ್ರೂ ಕೊಡಬೌದಂತ. 21 ದಿನ ನಡೀತೈತಿ, ಏನೇನ್ ಗುನ್ನೆಕ್ಕ ಬಂದ್ ಆಗೇತಿ ಎಲ್ಲಾ ಕಾಣತೈತಿ. ಅಲ್ಲೂ ಇದ್ದಂವ ತಾನ ಕೊಡಬೇಕು. ಆ ಒಂದು ಮಾತ ಅಲ್ಲಿಗೂ ಇಲ್ಲಿಗೂ ಒಂದ.

ತಂಗಿ: ಹಂಗಾರ ಸುಳ್ಳ ಹೇಳ್ಯಾರ ಅಂತೀರಿ.

ಅಕ್ಕ: ಹೇಳಿದ ಕಾರಣ ಸುಳ್ಳ. ಅಷ್ಟ ಹೇಳಬಲ್ಲೆ. ಅದರ ಹಿಂದ ಏನೈತಿ ಅದು ಬ್ಯಾರೆ. ಆದ್ರ ಸುಳ್ಳ ಹೆಂಗ ಹೊಲದಾನ ನೋಡು. ಕುಡದಿದ್ದೆ ಅನ್ನಲಿಲ್ಲ, ಯಾರಿಗೋ ಹಾಯಿಸಿದೆ ಅನ್ನಲಿಲ್ಲ. ಹೆಲ್ಮೆಟ್ ಇರಲಿಲ್ಲ, ಫೌಜದಾರಗ ಎದುರ ನಿಂತೆ ಅಂದ. ನಮ್ಮ ಕಡೆ ಹೆಲ್ಮೆಟ್ ಹಾಕ್ಕೊಳ್ಳದಿದ್ರ ತಪ್ಪಂತ ಯಾರ ಅಂತಾರ? ಫೌಜದಾರಗ ಎದುರ ಮಾತಾಡಿದಂವ ಅಂದ್ರ ನಾಕ ಮಂದಿ ಶಾಬಾಸ್ ಅಂತಾರ. ಸಣ್ಣ ತಪ್ಪ, ಮ್ಯಾಲ ಗಂಡಸ್ತನ. ಯಾವ ತಪ್ಪಿಗೆ ನೀ ಮಾಫಿ ಕೊಡ್ತೀ ಅನ್ನೂ ಲೆಕ್ಕ ಹಾಕೇ ಹೇಳ್ಯಾನ. ಅಂವ ಏನ್ ಮಾಡ್ಯಾನ ಅನ್ನೂದು ಈ ಮಾತಿನಾಗ ಗೊತ್ತಾಗೂದಿಲ್ಲ. ಯಾವುದಕ್ಕ ನಾಚ್ತಾನ ಅನ್ನೂದರ ಸುಳುವು ಅಷ್ಟ ಸಿಗತೈತಿ.

ತಂಗಿ: ಕುಡ್ಯಾಂಗಿಲ್ರಿ ಅವ್ರು. ನಾ ಬಲ್ಲೆ.

ಅಕ್ಕ: ಎಷ್ಟ ದಿನದಿಂದ ಬಲ್ಲಿ? ಇರಲಿ ಬಿಡು, ಕುಡ್ಯಾಂಗಿಲ್ಲಂತ ಇಟ್ಕೊಳ್ಳೋಣ. ಲೈಸನ್ಸೇ ಮಾಡಿಸಿಲ್ಲೇನೋ. ನಲವತ್ತರ ಗಂಡಸು, ನಾಕ ಮಂದಿ ಕೆಲಸಕ್ಕ ಇಟ್ಕೊಂಡಂವ, ಗಾಡಿ ಹೊಡ್ಯಾಕ ಬರೂದಿಲ್ಲ ಅಂತ ಹೆಂಗಸಿನ ಮುಂದ ಹೇಳಾಕ ಬಾಯಿ ಬರೂದಿಲ್ಲ. ಸರಕಾರ ಬ್ಯಾಡ ಅಂದೈತಿ ಅಂದ್ರ ಮರ್ಯಾದಿ ಉಳೀತೈತಿ. ಇಲ್ಲಾ, ಫಿಟ್ಸ್ ಇರಬೌದು.

ತಂಗಿ: ಫಿಟ್ಸಾ?

ಅಕ್ಕ: ಹೌಹಾರಿದೆಲ್ಲ! ಇದಕ್ಕ ಮುಚ್ಚಿಡ್ತಾರ ಮಂದಿ. ಲೈಸನ್ಸಿನ ಅರ್ಜಿ ಜೋಡಿ ನಮೂನೆ 1 ಅಂತ ಒಂದು ಇರ್ತೈತಿ. ಮೂರ್ಛೆ ರೋಗ ಐತೇನು, ಎಚ್ಚರ ತಪ್ಪತೈತೇನು, ತಲಿ ತಿರುಗತೈತೇನು ಅಂತ ಕೇಳ್ತಾರ ಅದರಾಗ. ರೋಗದ ಕಾರಣಕ್ಕ ಇದ್ದ ಲೈಸನ್ಸ ರದ್ದ ಮಾಡಾಕೂ ಕಲಂ 16 ಐತಿ. ಮದಿವಿ ಕಾಯ್ದೆನೂ ಹಂಗ ಇತ್ತು. ಹಿಂದೂ ವಿವಾಹ ಕಾಯ್ದೆದಾಗ ಮೂರ್ಛೆ ರೋಗ ಇದ್ದವ್ರು ಮದಿವಿಗೆ ಯೋಗ್ಯ ಅಲ್ಲ ಅನ್ನೂ ಮಾತ 1999ರ ತನಕ ಇತ್ತು, ಆ ವರ್ಷ ತಿದ್ದಿ ತಗದ್ರು. ಕಾಯ್ದೆದಾಗಿಂದ ಹೋತು, ಓಣ್ಯಾಗಿಂದ ಹೋಗಿಲ್ಲ. ಇವತ್ತಿಗೂ ಕುಡದು ಗಾಡಿ ಹೊಡ್ಯಾಂವಗ ಹೆಣ್ಣ ಸಿಗತೈತಿ, ಗುಳಗಿ ನುಂಗಿ ಆರಾಮ ಇರೂ ಫಿಟ್ಸಿನಂವಗ ಸಿಗೂದಿಲ್ಲ. ಹಂಗಿದ್ದಾಗ ಅಂವ ಫೌಜದಾರನ ಕಥಿ ಕಟ್ಟಿದ್ರ ನಾ ಪೂರಾ ತಪ್ಪ ಅನ್ನಂಗಿಲ್ಲ. ಹೇಳಬೇಕಿತ್ತು ಅಂತೂ ಅಂತೀನಿ.

ತಂಗಿ: ಫಿಟ್ಸ್ ಅಲ್ರಿ.

ಅಕ್ಕ: ಅದೂ ಬಲ್ಲೆ ಅಂತೀಯೇನು?

ತಂಗಿ: ಮುಧೋಳದಾಗ ಬೈಕ್ ಹೊಡೀತಾರ. ನಾನ ಹಿಂದ ಕುಂತೀನಿ. ಬಸ್ ಸ್ಟ್ಯಾಂಡಿನಿಂದ ಅಂಗಡಿ ತನಕ.

ಅಕ್ಕ: ಇದನ್ನ ಈಗ ಹೇಳ್ತೀ? ಲೈಸನ್ಸ ಬಂದ್ ಇದ್ದಂವ ಗಾಡಿ ಹೊಡದ್ರ ಕಲಂ 182, ಮೂರು ತಿಂಗಳ ತನಕ ಸಜಾ, ಇಲ್ಲಾ ಹತ್ತು ಸಾವಿರ ದಂಡ, ಇಲ್ಲಾ ಎರಡೂ. ಹೆಲ್ಮೆಟ್ ಹಾಕ್ಕೊಂಡಿದ್ನಾ?

ತಂಗಿ: ಹಾಕ್ಕೊಂಡಿದ್ರು. ನನಗೂ ಒಂದು ಕೊಟ್ರು.

ಅಕ್ಕ: ಹೆಲ್ಮೆಟ್ಟಿಗೆ ಐದು ವರ್ಷ ಕಳಕೊಂಡಂವ, ಎರಡ ಹೆಲ್ಮೆಟ್ ಇಟ್ಕೊಂಡು ಪೊಲೀಸ್ ಸ್ಟೇಶನ್ ಇರೂ ಊರಾಗ ಬೈಕ್ ಹೊಡೀತಾನ. ಕೋರ್ಟು ಒಂದ ತರಹದ ಗಾಡಿಗೆ ಅಷ್ಟ ಬಂದ್ ಮಾಡಬೌದು, ಅದು ಖರೇ. ಆದ್ರ ಬೈಕ್ ಮ್ಯಾಲ ಹಿಡದು ಕಾರ್ ಬಂದ್ ಮಾಡಿ ಬೈಕ್ ಬಿಟ್ರು ಅನ್ನೂದು ನನ್ನ ತಲ್ಯಾಗ ಹೋಗವಲ್ದು. ಕಾರಿನ ಸ್ಟೇರಿಂಗ್ ಅಷ್ಟ ಮುಟ್ಟಾಂಗಿಲ್ಲಾ?

ತಂಗಿ: ಮುಂದಿನ ಸೀಟಿನಾಗೂ ಕೂಡಾಂಗಿಲ್ರಿ.

ಅಕ್ಕ: ಮೊದಲನೇ ಹೆಂಡ್ತಿ ಹೆಂಗ ತೀರ್ಕೊಂಡ್ಲು?

ತಂಗಿ: ಅದನ್ನ ಕೇಳ್ತೀರಿ ಅಂತ ನನಗ ಗೊತ್ತಿತ್ತು. ಅಪಘಾತದಾಗರಿ. ರಾತ್ರಿ ಬಾಗಲಕೋಟಿಂದ ಬರೂವಾಗ ಕಲಾದಗಿ ದಾಟಿ ಕಬ್ಬಿನ ಟ್ರ್ಯಾಕ್ಟರಿಗೆ ಹಿಂದಿಂದ ಹೊಡೀತಂತ.

ಅಕ್ಕ: ಆ ರಸ್ತಾ! ನಮ್ಮ ಸಿದ್ದು ನ್ಯಾಮಗೌಡ್ರನ್ನ ತಗೊಂಡಿದ್ದೂ ಅದ ರಸ್ತಾ, 2018ರ ಮೇ 28ಕ್ಕ, ತುಳಸಿಗೇರಿ ಹತ್ರ. ರೈತರನ್ನ ಕೂಡಿಸಿ ಚಿಕ್ಕಪಡಸಲಗಿಗೆ ಬ್ಯಾರೇಜ ಕಟ್ಟಿದ ಮನಶ್ಯಾ, ಶಾಸಕರಾಗಿ ಆರಿಸಿ ಬಂದು ಹದಿನೈದ ದಿನಾನೂ ಆಗಿರಲಿಲ್ಲ. ಇನ್ನ ಕಬ್ಬಿನ ಹಂಗಾಮದಾಗಂತೂ ಕೇಳೂದ ಬ್ಯಾಡ. ಸಮೀರವಾಡಿ, ಮುಧೋಳ, ಸಿದ್ದಾಪುರ, ಬೀಳಗಿ ಬಾಜೂಕ ಬಾಡಗಂಡಿ, ಎಲ್ಲಾ ಫ್ಯಾಕ್ಟರಿಗೂ ಹಗಲು ರಾತ್ರಿ ಡಬ್ಬಲ್ ಟ್ರಾಲಿ. ಹಿಂದ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ. ಟ್ರಾಲಿ ಹೊರಗ ಚಾಚಿದ ಕಬ್ಬು ಕತ್ತಲದಾಗ ಕಾಣೂದಿಲ್ಲ, ಕಾಣೂದ್ರಾಗ ಬಾನೆಟ್ ಅದರ ಕೆಳಗ ಹೋಗಿರ್ತೈತಿ. ನನ್ನ ಕಪಾಟಿನಾಗ ಇರೂ ಖಟ್ಲೆದಾಗ ಅರ್ಧಕ್ಕ ಕಬ್ಬಿನ ವಾಸನಿ ಐತಿ. ಕಾರ್ ಯಾರ ಹೊಡೀತಿದ್ರು?

ತಂಗಿ: ಡ್ರೈವರ್ ಇದ್ದಾ ಅಂದ್ರು ಒಮ್ಮೆ. ಇನ್ನೊಮ್ಮೆ ಕೇಳಿದ್ರ ಗೆಳ್ಯಾ ಅಂದ್ರು.

ಅಕ್ಕ: ಯಾವಾಗಿನ ಮಾತ?

ತಂಗಿ: ಮೂರು ವರ್ಷ ಆತ್ರಿ.

ಅಕ್ಕ: ಐದರಾಗ ಎರಡ ಉಳದಾವ ಅಂದ್ರ ಮೂರು ಹೋಗ್ಯಾವ. ನೀನೂ ಈ ಲೆಕ್ಕ ಮಾಡೇ ಬಂದೀ, ನನ್ನ ಬಾಯಿಲೆ ಹೇಳಸಾಕ ಹತ್ತೀ.

ತಂಗಿ: ಹೂಂ ರಿ. ನಿದ್ದಿ ಹತ್ತವಲ್ದು. ಅವರ ಹೊಡೀತಿದ್ರು, ಕೋರ್ಟು ಐದು ವರ್ಷ ಬಂದ್ ಮಾಡೇತಿ, ಹೌದಲ್ರಿ?

ಅಕ್ಕ: ಹೊಂದೂದಿಲ್ಲ. ಅಪಘಾತದಾಗ ಜೀವ ಹೋದ್ರ ಕೇಸ್ ಆಗತೈತಿ. ಆವಾಗಾದ್ರ ಐಪಿಸಿ 304ಎ, ಎರಡು ವರ್ಷದ ತನಕ ಸಜಾ. 2024ರ ಜುಲೈ 1ರಿಂದ ಈಚಿನದಕ್ಕ ನ್ಯಾಯ ಸಂಹಿತೆ 106, ಐದು ವರ್ಷದ ತನಕ. ಚಾರ್ಜ್‌ಶೀಟ್, ಸಾಕ್ಷಿ, ಪಂಚರು, ವಾಯಿದೆ ಮ್ಯಾಲ ವಾಯಿದೆ. ಕೋರ್ಟು ಲೈಸನ್ಸ ಬಂದ್ ಮಾಡೂದು ಶಿಕ್ಷೆ ಆದ ದಿನ. ಜೀವ ಹೋದ ದಿನಾನ ಐದು ವರ್ಷ ಸುರು ಆಗೂದು ಯಾವ ಕೋರ್ಟಿನಾಗೂ ಇಲ್ಲ.

ತಂಗಿ: ಹಂಗಾರ…

ಅಕ್ಕ: ಹೇಳು.

ತಂಗಿ: ಹಂಗಾರ ಯಾರೂ ಬಂದ್ ಮಾಡಿಲ್ಲರಿ. ಅವರ ಬಿಟ್ಟಾರ. ಹೆಂಡ್ತಿ ಹೋದ ದಿನದಿಂದ ಸ್ಟೇರಿಂಗ್ ಮುಟ್ಟಬಾರ್ದು ಅಂತ ತಾವ ತಮಗ ಐದು ವರ್ಷ ಹಾಕ್ಕೊಂಡಾರ. ಕೇಳಿದವ್ರಿಗೆ ಅದನ್ನ ಹೇಳಾಕ ಆಗೂದಿಲ್ಲ, ಅದಕ್ಕ ಫೌಜದಾರನ ಹೆಸರ ಹೇಳ್ತಾರ. ಹೆಲ್ಮೆಟ್ ನೋಡ್ರಿ, ನನಗೂ ಒಂದು ಇಟ್ಟಿದ್ರು. ಸುಳ್ಳರ ಹಂಗ ಮಾಡ್ತಾರೇನ್ರಿ?

ಅಕ್ಕ: ಚಂದ ಐತಿ. ಖರೇನೂ ಇರಬೌದು, ಇಲ್ಲ ಅನ್ನಂಗಿಲ್ಲ. ಆದ್ರ ಇದನ್ನ ಯಾರ ಹೇಳಿದ್ರು ನಿಂಗ?

ತಂಗಿ: ಯಾರೂ ಇಲ್ಲ.

ಅಕ್ಕ: ಅದ ನನ್ನ ತಕರಾರು. ಅಂವ ಒಂದು ಹರಕ ಸುಳ್ಳ ಹೇಳಿದ. ಅದನ್ನ ನೀ ಮನಿಗೆ ತಂದು ಜರಿ ಹಚ್ಚಿ ನೇದಿ. ಬಂದಾಗ ಅವನ ಮ್ಯಾಲ ಸಂಶೇ ಇತ್ತು, ಈಗ ಅವನ ವಕೀಲ ನೀನ ಆಗಿ ಕುಂತೀ. ಕೋರ್ಟಿನಾಗ ದಿನಾ ನೋಡ್ತೀನಿ. ಆರೋಪಿ ಸುಮ್ನಿರ್ತಾನ, ಅವನ ಮನಿ ಹೆಂಗಸ್ರು ಅವನಕಿಂತ ಛಲೋ ಕಾರಣ ಹುಡುಕಿ ತಂದು ಕೊಡ್ತಾರ, ‘ಹಂಗಿರಬೌದು ಅಕ್ಕಾರ, ಹಿಂಗಿರಬೌದು ಅಕ್ಕಾರ’ ಅಂತ. ಅಂವ ತನ್ನ ಬಾಯಿಲೆ ಹೇಳಿದ್ದ ಅಷ್ಟ ಹಿಡಿ. ಹೇಳಿದ್ದು ಹೆಲ್ಮೆಟ್, ಫೌಜದಾರ, ಐದು ವರ್ಷ. ಡ್ರೈವರ್ ಒಮ್ಮೆ, ಗೆಳ್ಯಾ ಒಮ್ಮೆ. ಉಳದದ್ದೆಲ್ಲಾ ನಮ್ಮಿಬ್ಬರ ಸೃಷ್ಟಿ. ನಾನೂ ಏನ್ ಕಡಿಮಿ ಇಲ್ಲ, ಎದುರಿಗಿಲ್ಲದಂವಗ ಕುಡುಕ ಅಂದೆ, ಫಿಟ್ಸ್ ತರಿಸಿದೆ, ಹೆಂಡ್ತಿ ಸಾವಿಗೂ ಕರಕೊಂಡ ಹೋದೆ.

ತಂಗಿ: ಕಂಪ್ಯೂಟರಿನಾಗ ನೋಡಾಕ ಬರ್ತೈತಂತಲ್ರಿ, ನೀವ ನೋಡಿ ಹೇಳ್ರಿ.

ಅಕ್ಕ: ಬರ್ತೈತಿ. ಸಾರಥಿ ಅಂತ ಸರಕಾರದ ಜಾಲತಾಣ ಐತಿ. ಲೈಸನ್ಸ ನಂಬರ್, ಹುಟ್ಟಿದ ತಾರೀಖ, ಎರಡೂ ಹಾಕಿದ್ರ ಚಾಲೂ ಐತೋ ಬಂದ್ ಐತೋ ತೋರಿಸ್ತೈತಿ. ಹುಟ್ಟಿದ ತಾರೀಖ ನಿನ್ನಂತೇಕ ಐತಿ, ಜಾತಕ ಕೂಡಿಸಾಕ ಕೊಟ್ಟಿದ್ರಲ್ಲ. ನಂಬರ್ ಅಂವ ಕೊಡಬೇಕು. ಕೋರ್ಟಿಂದು ಇ-ಕೋರ್ಟ್ಸ್‌ದಾಗ ಹೆಸರ ಹಾಕಿ ನೋಡಬೌದು. ಬಾಗಲಕೋಟಿ, ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ, ಎಲ್ಲಾ ಕೋರ್ಟಿನ ಖಟ್ಲೆ ಅದರಾಗ ಬರ್ತಾವ. ಎಫ್‌ಐಆರ್ ಜಾಲತಾಣಕ್ಕ ಹಾಕ್ರಿ ಅಂತ ಸುಪ್ರೀಂ ಕೋರ್ಟ್ 2016ರಾಗ ಹೇಳೇತಿ, ಲೈಂಗಿಕ ದೌರ್ಜನ್ಯದಂಥ ಸೂಕ್ಷ್ಮ ಕೇಸ್ ಬಿಟ್ಟು. ಅಂದ್ರ ಆ ರಾತ್ರಿ ಕಾರ್ ಹೊಡದಂವ ಯಾರಂತ ಪೊಲೀಸರು ಬರಕೊಂಡಾರ ಅನ್ನೂದು ನಾಳೆ ಹೊತ್ತ ಮುಳುಗೂದ್ರಾಗ ನಾ ನೋಡಿ ಹೇಳಬಲ್ಲೆ.

ತಂಗಿ: ನೋಡ್ರಿ ಮತ್ತ.

ಅಕ್ಕ: ನೋಡಾಂಗಿಲ್ಲ. ಮೊದಲ ನೀ ಕೇಳು. ಅಂವ ಹೇಳಲಿಲ್ಲ, ಇಲ್ಲಾ ಹೇಳಿದ್ದು ಮತ್ತ ಹೊಂದಲಿಲ್ಲ ಅಂದ್ರ ಆವಾಗ ಬಾ, ನಿನ್ನ ಎದುರಿಗೇ ತಗದು ತೋರಸ್ತೀನಿ. ಅವನ ಹೆಂಡ್ತಿ ಸತ್ತ ಕಾಗದ ಅವನಿಗಿಂತ ಮೊದಲ ನೀ ಓದಿ ಕುಂತ್ರ, ಆಮ್ಯಾಲ ಅಂವ ಖರೇ ಹೇಳಿದ್ರೂ ನೀ ಕೇಳೂದು ಹೊಂದತೈತೋ ಇಲ್ಲೋ ಅಂತ. ಅದು ಸಾಕ್ಷಿ ತಪಾಸಣೆ. ಅದನ್ನ ನಾ ಮಾಡ್ತೀನಿ ಹೊಟ್ಟಿಪಾಡಿಗೆ, ನೀ ಯಾಕ ಮಾಡ್ತೀ?

ತಂಗಿ: ಒಂದು ಉಪಾಯ ಮಾಡ್ಯೇನ್ರಿ. ಗಾಡಿ ನನ್ನ ಹೆಸರ್ಲೆ ಐತಿ. ಲೈಸನ್ಸ ಇಲ್ದವ್ರಿಗೆ ಗಾಡಿ ಕೊಟ್ರ ಮಾಲಕರಿಗೆ ದಂಡ ಅಂತ, ವಿಮಾದವ್ರು ಕೇಳ್ಯಾರ ನಂಬರ್ ಕೊಡ್ರಿ ಅಂತೀನಿ.

ಅಕ್ಕ: ಕಾಯ್ದೆ ಖರೇನ, ಕಲಂ 180, ಮಾಲಕಗೂ ಐದು ಸಾವಿರ ದಂಡ, ಇಲ್ಲಾ ಮೂರು ತಿಂಗಳ ತನಕ ಸಜಾ, ಇಲ್ಲಾ ಎರಡೂ. ಲೈಸನ್ಸ ಬಂದ್ ಇದ್ದಂವ ಹೊಡದು ಅಪಘಾತ ಆದ್ರ ವಿಮಾ ಕಂಪನಿ ಕೈ ಝಾಡಿಸಿ ಬ್ಯಾರೆ ಆಗಾಕ ನೋಡತೈತಿ, ಅದೂ ಖರೇ. ಆದ್ರ ವಿಮಾದವ್ರು ಕೇಳ್ಯಾರಾ?

ತಂಗಿ: ಇಲ್ರಿ.

ಅಕ್ಕ: ಹಂಗಾರ ಅದು ನಿನ್ನ ಫೌಜದಾರ. ಅವಂಗ ಒಬ್ಬ, ನಿಂಗೊಬ್ಬ. ಸೀದಾ ಕೇಳು. ಹೆಲ್ಮೆಟ್ಟಿಗೆ ಮೂರು ತಿಂಗಳಂತ, ವಕೀಲ್ರನ್ನ ಕೇಳಿ ಬಂದೀನಿ, ಐದು ವರ್ಷದ ಆದೇಶ ಐತೇನು, ಇದ್ರ ತೋರಿಸ್ರಿ ಅನ್ನು. ಆ ರಾತ್ರಿ ಯಾರ ಹೊಡೀತಿದ್ರು ಅನ್ನೂದನ್ನೂ ಅವತ್ತ ಕೇಳು, ಮತ್ತೊಂದಿನಕ್ಕ ಇಟ್ಕೋಬ್ಯಾಡ. ನಿಮ್ಮಣ್ಣನ್ನ ಜೋಡಿಗೆ ಕರಕೊಂಡ ಹೋಗಬ್ಯಾಡ. ಗಂಡಸ್ರ ಮುಂದ ಅಂವ ಮತ್ತ ಫೌಜದಾರಗ ಎದುರ ನಿಲ್ತಾನ.

ತಂಗಿ: ಮದಿವಿ ಆದ ಮ್ಯಾಲ ಗೊತ್ತಾಗಿದ್ರ ಏನಾಗ್ತಿತ್ರಿ?

ಅಕ್ಕ: ಹಿಂದೂ ವಿವಾಹ ಕಾಯ್ದೆ ಕಲಂ 12. ಗಂಡನ ಬಗ್ಗೆ ಮುಖ್ಯ ಸಂಗತಿ ಮುಚ್ಚಿಟ್ಟು ಮೋಸದಿಂದ ಒಪ್ಪಿಗಿ ತಗೊಂಡಿದ್ರ ಮದಿವಿ ರದ್ದ ಮಾಡಸಬೌದು. ಮೋಸ ಗೊತ್ತಾದ ಒಂದು ವರ್ಷದೊಳಗ ಅರ್ಜಿ ಹಾಕಬೇಕು. ಗೊತ್ತಾದ ಮ್ಯಾಲೂ ಸಂಸಾರ ಮಾಡ್ಕೊಂಡ ಇದ್ರ ಆ ದಾರಿ ಮುಚ್ಚಿತು. ಲೈಸನ್ಸಿನ ಸುಳ್ಳ ಮುಖ್ಯ ಸಂಗತಿ ಅಂತ ಯಾವ ಜಡ್ಜ್ ಒಪ್ಪತಾನ? ಹೆಂಡ್ತಿ ಸತ್ತ ರಾತ್ರಿದಾದ್ರ ವಾದ ಮಾಡಬೌದು. ಆದ್ರ ಆ ಖಟ್ಲೆ ನನ್ನ ಕೈಯಾಗ ಕೊಡಬ್ಯಾಡ ಯವ್ವಾ.

ತಂಗಿ: ಅವರ ಹೊಡೀತಿದ್ರು ಅಂತ ಒಪ್ಕೊಂಡ್ರ? ಆಗ ನಾ ಏನ್ ಮಾಡ್ಲಿ?

ಅಕ್ಕ: ಅದಕ್ಕ ಕಲಂ ಇಲ್ಲ. ನಿದ್ದಿಗಣ್ಣಿನಾಗ ಹೊಡದ್ನೋ, ಕುಡದು ಹೊಡದ್ನೋ, ಟ್ರಾಲಿಗೆ ದೀಪ ಇದ್ದಿದ್ದಿಲ್ಲೋ, ಅದೆಲ್ಲಾ ಕೇಳಿ ನೀನ ನೋಡ್ಕೋ. ದೀಪ ಇಲ್ಲದ ಟ್ರಾಲಿಗೆ ಹೊಡದಂವಗ ನಾ ಹೆಣ್ಣ ಕೊಟ್ಟೇನು. ಕುಡದಂವಗ ಕೊಡಾಂಗಿಲ್ಲ.

ತಂಗಿ: ಕೇಳಿದ ಕೂಡ್ಲೆ ಸಿಟ್ಟಿಗೆದ್ದು ಹೋಗಿಬಿಟ್ರ?

ಅಕ್ಕ: ಎಲ್ಲಿ ಹೋಗ್ತಾನ, ನಿಮ್ಮನಿಗೆ ಬಂದಾಗ ಕೇಳು. ಬನಹಟ್ಟಿಯಿಂದ ಮುಧೋಳಕ್ಕ ಬಸ್ ಹಿಡೀಬೇಕು, ಅಲ್ಲೀತನಕ ಸ್ಟ್ಯಾಂಡಿನಾಗ ಕೂಡಬೇಕು. ನೀ ಒಂದು ಚಹಾ ಮಾಡಿಟ್ಟಿರು.